ಮಾವಿನಕೊಪ್ಪ ಮುಟ್ಟುವ ಚೀಲ

೫ ಅಕ್ಟೋಬರ್ ೧೯೩೮, ಬುಧವಾರ. ಸಂಜೆ. ಹಳಿಯಾಳ

ಇವತ್ತೂ ಹಳ್ಳದಿಂದಲೇ ವಾಪಸ್ಸು. ನಾಲ್ಕು ಊರಿಗೆ ಚಳಿಜ್ವರದ ಗುಳಿಗೆ ಹಂಚಿದ್ದಾಯಿತು. ಐದನೆಯದು ಆಗಲಿಲ್ಲ. ಹಳ್ಳ ದಾಟಿ ಕಾಡಿನ ಏರು ಹತ್ತಿದರೆ ಮಾವಿನಕೊಪ್ಪ. ಏರು ಕಂಡೇ ಕಾಲು ಸೋತವು. ಕಲ್ಲಿನ ಮೇಲೆ ಕೂತೆ. ಎದ್ದೆ. ಮತ್ತೆ ಕೂತೆ.

ದವಾಖಾನೆಯ ತಗಡಿನ ಪೆಟ್ಟಿಗೆ. ಒಳಗಿನ ಕ್ವಿನೈನ್ ಗುಳಿಗೆಗೆ ತೂಕವೇ ಇಲ್ಲ, ಭಾರವೆಲ್ಲ ಪೆಟ್ಟಿಗೆಯದೇ. ಬಲಹೆಗಲಿಂದ ಅಡ್ಡ ಹಾಕಿದರೆ ಮೂಲೆ ಎಡಪಕ್ಕೆಗೆ ಬಡಿಯುತ್ತದೆ. ಅಲ್ಲೇ ನನ್ನ ಜ್ವರಗಡ್ಡೆ. ಎರಡು ಮಳೆಗಾಲದ ಚಳಿಜ್ವರ ಬಿಟ್ಟುಹೋದದ್ದು. ಮುಟ್ಟಿದರೆ ಜೀವ ಹೋಗುತ್ತದೆ. ಎಡಹೆಗಲಿಂದ ಹಾಕಿದರೆ ಭಾರಕ್ಕೆ ಮೈ ವಾಲಿ ಗಡ್ಡೆ ಮಡಿಚಿಕೊಂಡಂತಾಗುತ್ತದೆ. ತಲೆಯ ಮೇಲೆ ಹೊತ್ತೆ. ಕಣ್ಣು ಕತ್ತಲೆ ಬಂತು.

ಮಾವಿನಕೊಪ್ಪದಲ್ಲಿ ಕಾಶೆವ್ವ ಎಂಬ ಮುದುಕಿಯ ಮೊಮ್ಮಗಳು, ತಾಯವ್ವ. ಐದಾರು ವರ್ಷದ ಕೂಸು. ದಿನ ಬಿಟ್ಟು ದಿನ ಚಳಿ ಬರುತ್ತದಂತೆ. ಹೋದ ವಾರ ಆ ಊರಿನ ದನಗಾಹಿ ಹಳ್ಳದಲ್ಲಿ ಸಿಕ್ಕು ಹೇಳಿದ್ದ. ಬರುತ್ತೇನೆ ಅಂದಿದ್ದೆ.

೬ ಅಕ್ಟೋಬರ್

ಕಂಪೌಂಡರ್ ಬಸಲಿಂಗಯ್ಯನವರ ಮುಂದೆ ನಿಂತೆ. ಬಾಟಲಿ ತೊಳೆಯುತ್ತಲೇ ಕೇಳಿದರು.

“ಮಾವಿನಕೊಪ್ಪ?”

“ಆಗಲಿಲ್ರಿ.”

“ಆ ಊರು ಬಿಟ್ಟಬಿಡೂಣು ಅಂತಾರ ಡಾಕ್ಟರ್ ಸಾಹೇಬ್ರು. ಮುಂದಿನ ತಿಂಗಳಿಂದ. ನಾಕೂರು ಸಾಕು ನಿನಗ.”

“ಅಲ್ಲೊಂದು ಕೂಸಿಗೆ ಜ್ವರ ಐತ್ರಿ…”

“ಎಲ್ಲಾ ಊರಾಗೂ ಕೂಸು ಅದಾವು, ಜ್ವರಾನೂ ಐತಿ. ನೀ ನಡೀಬೇಕಲ್ಲೋ ಶೇಖಪ್ಪ. ಕನ್ನಡಿ ನೋಡಿಕೊಂಡಿಯೇನು? ಅರಿಷಿಣ ಹಚ್ಚಿದ ಮದಿಮಗನಂಗ ಹಳದಿ ಆಗೀದಿ.”

ಇನ್ನೂ ಹೇಳುವುದಿತ್ತು. ಪೆಟ್ಟಿಗೆ ಕೆಳಗಿಟ್ಟೆ. ಅಲ್ಲೇ ನಿಂತೆ. ನಿಂತದ್ದು ನೋಡಲಾರದೆ ಅವರೇ ಪೆಟ್ಟಿಗೆ ಎತ್ತಿ ನೋಡಿದರು.

“ಇದನ್ನ ಕತ್ತೆ ಮ್ಯಾಲೆ ಹೇರಬೇಕು. ಬ್ಯಾರೆ ಚೀಲ ನೋಡಿಕೋ, ಹಗೂರಂದು. ಈ ತಿಂಗಳು ಆ ಊರು ಮುಟ್ಟಿದಿ ಅಂದ್ರ ನಾ ಸಾಹೇಬ್ರಿಗೆ ಹೇಳ್ತೇನಿ.”

ನಾನು ಮುಟ್ಟದಿದ್ದರೆ ಅಲ್ಲಿಗೆ ಹೋಗುವವರು ಯಾರೂ ಇಲ್ಲ. ಅವರಿಗೂ ಗೊತ್ತು.

೮ ಅಕ್ಟೋಬರ್. ಮಧ್ಯಾಹ್ನ

ನನ್ನ ಕೋಣೆಯ ಮುಂದೆಯೇ ಜಮಾಲಸಾಬರ ಹೊಲಿಗೆ ಅಂಗಡಿ. ಚೀಲ ಬೇಕು ಅಂದೆ. ನನ್ನ ಬೆನ್ನಿಗೆ, ಬಗಲಿಗೆ, ಸೊಂಟಕ್ಕೆ ಒಂದೊಂದು ಸಲ ತೌಡಿನ ಗಂಟು ಕಟ್ಟಿ ಬಾವಿಯತನಕ ನಡೆಸಿ ನೋಡಿದರು. ಓಣಿಯವರೆಲ್ಲ ನೋಡುತ್ತಿದ್ದರು. ನೆಲ ನೋಡುತ್ತ ನಡೆದೆ.

“ತಲಿ ಎತ್ತಿ ನಡಿ ಬೇಟಾ. ಅಂಗಿಗೆ ಎದಿ ಅಳತಿ ತಗೋತೀವಿ, ಚೀಲಕ್ಕ ನಡಿಗಿ ಅಳತಿ. ನೀ ಕಳ್ಳರಂಗ ನಡದ್ರ ಕಳ್ಳರ ಚೀಲ ಹೊಲೀಬೇಕಾಗ್ತದ.”

ಒಳಗಿಂದ ಅವರ ಹೆಂಡತಿ ಹಾಜಿರಾಬಿ, “ಹುಡುಗನ್ನ ಕುಣಸಬ್ಯಾಡ್ರಿ, ಗಡ್ಡಿ ಐತಿ ಅವಗ,” ಅಂದರು. ಒಂದು ಬಟ್ಟಲು ಗಂಜಿ ಕಳಿಸಿದರು.

ಬೆನ್ನೇ ವಾಸಿ ಅಂತ ಆಯಿತು. ದಾಂಡೇಲಿಗೆ ಶಿಕಾರಿಗೆ ಹೋಗುವ ಸಾಹೇಬರೊಬ್ಬರ ಬೆನ್ನ ಚೀಲ ಒಮ್ಮೆ ಇವರ ಹತ್ತಿರ ರಿಪೇರಿಗೆ ಬಂದಿತ್ತಂತೆ. ಎರಡು ಪಟ್ಟಿ, ಎರಡೂ ಹೆಗಲಿಗೆ. ಅದೇ ನಮೂನೆ, ಖಾಕಿ ಕ್ಯಾನ್ವಾಸಿನಲ್ಲಿ.

೧೨ ಅಕ್ಟೋಬರ್, ಬುಧವಾರ. ಸಂಜೆ

ಮಾವಿನಕೊಪ್ಪ ಮುಟ್ಟಿದೆ. ಮುಟ್ಟಿ ಏನು ಬಂತು.

ಚೀಲದಲ್ಲಿ ದೋಷವಿಲ್ಲ. ಪಕ್ಕೆ ಖಾಲಿ, ಕೈ ಖಾಲಿ. ಏರಿನಲ್ಲಿ ಒಂದೇ ಸಲ ಕೂತೆ. ಊರು ಕಾಣುವಷ್ಟರಲ್ಲಿ ನಾಯಿ ಬೊಗಳಿದವು. ಯಾರೋ ಕೂಗಿದರು — “ಗಾರ್ಡ ಬಂದಾ.” ಕೊಡಲಿ ಹೊತ್ತುಕೊಂಡು ಒಬ್ಬ ಹಿತ್ತಿಲಿಗೆ ಓಡಿದ. ಕಟ್ಟಿಗೆ ಹೊರೆ ಒಳಗೆ ಹೋದವು. ಬಾಗಿಲು ಒಂದೊಂದೇ ಹಾಕಿಕೊಂಡವು.

ಬೆನ್ನಿಗೆ ಖಾಕಿ ಚೀಲ ಹಾಕಿಕೊಂಡು ಕಾಡಿನಿಂದ ಬರುವವನು ಇವರ ಲೆಕ್ಕದಲ್ಲಿ ಜಂಗಲ್ ಖಾತೆಯವನೇ.

ಕಾಶೆವ್ವನ ಮನೆ ಯಾವುದೆಂದು ಕೇಳಬೇಕಿತ್ತು. ಕೇಳಲು ಅಂಗಳದಲ್ಲಿ ಕೋಳಿಗಳಷ್ಟೇ. ಒಂದು ಬಾಗಿಲ ಮುಂದೆ ನಿಂತು, “ನಾ ಗುಳಿಗಿಯಾವ್ರಿ,” ಅಂದೆ. ನನಗೇ ಕೇಳಿಸಲಿಲ್ಲ. ಒಳಗಿಂದ ಹೆಂಗಸಿನ ದನಿ, “ಮನ್ಯಾಗ ಗಂಡಸ್ರಿಲ್ಲ, ಕಟ್ಟಿಗಿನೂ ಇಲ್ಲ.” ಯಾವುದೋ ಮನೆಯಲ್ಲಿ ಕೂಸೊಂದು ನರಳುತ್ತಿತ್ತು. ಅದೇ ಇರಬೇಕು.

ಗುಳಿಗೆ ಹೊತ್ತುಕೊಂಡು ತಿರುಗಿ ಬಂದೆ. ಇಳಿಜಾರಿನಲ್ಲೂ ಎರಡು ಸಲ ಕೂತೆ.

೧೪ ಅಕ್ಟೋಬರ್

ಜಮಾಲಸಾಬರಿಗೆ ಹೇಳಿದೆ. ನಗಲಿಲ್ಲ. ಖಾಕಿ ಮಡಚಿ ಬದಿಗಿಟ್ಟರು. ಮಠದವರ ಬಟ್ಟೆ ಹೊಲಿದು ಉಳಿದ ಕಾವಿ ತುಂಡು ಇತ್ತು. ತೆಳ್ಳಗೆ, ಮೆತ್ತಗೆ. ಅಗಲ ಪಟ್ಟಿಯ ಬಗಲಚೀಲ ಹೊಲಿದರು.

“ಇದು ಭಾರ ಆದ್ರ ನೀ ಗಾಳೀನ ಹೊರಲಾರಿ.”

ಬಲಹೆಗಲಿಗೆ ಹಾಕಿದೆ. ಜಾರುವುದಿಲ್ಲ. ಹಾಕಿಕೊಂಡದ್ದೇ ಮರೆತುಹೋಗುತ್ತದೆ. ಭಿಕ್ಷೆಗೆ ಬರುವ ಜಂಗಮ ಅಯ್ಯಗಳ ಜೋಳಿಗೆಯ ಹಾಗೆ ಕಾಣುತ್ತದಲ್ಲ ಅಂತ ಅನಿಸಿತು. ಹೇಳಲು ಹೋಗಲಿಲ್ಲ. ಮೂರನೇ ಚೀಲ ಹೊಲಿಯಲು ಹೇಳುವ ಮುಖ ನನಗಿಲ್ಲ.

೧೯ ಅಕ್ಟೋಬರ್, ಬುಧವಾರ. ಸಂಜೆ

ಹೇಗೆ ಬರೆಯಲಿ.

ಮೊದಲನೇ ಊರು. ಒಬ್ಬ ಮುದುಕ ಚಪ್ಪಲಿ ಬಿಟ್ಟು, “ಬರ್ರಿ ಅಯ್ಯನೋರ,” ಅಂದ. ಹಿಂದೆ ಯಾರೋ ಬರುತ್ತಿದ್ದಾರೆಂದು ತಿರುಗಿ ನೋಡಿದೆ. ಯಾರೂ ಇಲ್ಲ. ಅಷ್ಟರಲ್ಲಿ ಅವನ ಹಣೆ ನನ್ನ ಪಾದದ ಮೇಲೆ.

ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಹೆಗಲಿಗೆ ಕಾವಿ ಜೋಳಿಗೆ. ಅವರ ತಪ್ಪಲ್ಲ. ಇಷ್ಟು ದಿನ ನೆಲ ನೋಡುತ್ತ ಬಂದುಹೋದವನ ಮುಖ ಯಾರು ಗುರುತಿಟ್ಟಾರು. ನಾನು ಒಕ್ಕಲುತನದವರ ಮಗ. ಜೋಳಿಗೆ ಹಾಕಿಕೊಂಡು ಮನೆಮನೆಗೆ ಬರುವುದು, ಪಾದ ಮುಟ್ಟಿಸಿಕೊಳ್ಳುವುದು ಅಯ್ಯಗಳಿಗೆ ಸೇರಿದ್ದು. ಅಲ್ಲ ಅನ್ನಬೇಕಿತ್ತು. ಬಾಯಿ ತೆರೆಯುವುದರೊಳಗೆ ಅವನ ಸೊಸೆ ಮೊರದಲ್ಲಿ ಅಕ್ಕಿ ತಂದು ಜೋಳಿಗೆಗೆ ಸುರಿದಳು.

ಗುಳಿಗೆ ಕೊಟ್ಟೆ. ಹೋದ ವಾರ “ಸರಕಾರದ ಕಹಿ ನಮಗ ಬ್ಯಾಡ” ಅಂದವರೇ ಎರಡೂ ಕೈ ಚಾಚಿ ತಗೊಂಡರು. ಕಣ್ಣಿಗೆ ಒತ್ತಿಕೊಂಡರು. ನನಗೆ ನಿಲ್ಲಲಾಗಲಿಲ್ಲ. ಕೊಟ್ಟೆ, ಹೊರಟೆ. ಎಲ್ಲಾ ಊರಲ್ಲೂ ಹಾಗೇ. ಪ್ರತಿ ಮನೆಯಲ್ಲೂ ಹಿಡಿ ಅಕ್ಕಿ, ಹಿಡಿ ಜೋಳ. ಹಳ್ಳ ದಾಟುವ ಹೊತ್ತಿಗೆ ಗಾಳಿಯಂಥ ಚೀಲ ತಗಡಿನ ಪೆಟ್ಟಿಗೆಗಿಂತ ಭಾರ. ಭಿಕ್ಷೆಯ ಕಾಳು, ಹಳ್ಳಕ್ಕೆ ಸುರಿಯಲಾದೀತೆ. ಪಕ್ಕೆ ಹಿಡಿದುಕೊಂಡು ಏರಿದೆ.

ಕಾಶೆವ್ವನ ಮನೆ ಕಂಡೆ. ಬೆಳ್ಳಗಿನ ತಲೆಯವಳು, ಒಂಟಿ ಜೀವ. ಮಗ ಸೊಸೆ ಹೋಗಿ ವರ್ಷವಾಯಿತಂತೆ, ಇದೇ ಜ್ವರಕ್ಕೆ. ಬಂದೊಡನೆ ಕಾಲಿಗೆ ಬಿದ್ದಳು. ಹೊರಡುವಾಗ ಮತ್ತೆ ಬಿದ್ದಳು. ಮೂಲೆಯಲ್ಲಿ ಕಂಬಳಿಯೊಳಗೆ ತಾಯವ್ವ. ಹಲ್ಲು ಕಟಕಟ ಅನ್ನುತ್ತಿದ್ದವು.

“ಇವತ್ತೊಂದು, ನಾಳೆ ಒಂದು, ನಾಡಿದ್ದೊಂದು,” ಅಂದು ಮೂರು ಗುಳಿಗೆ ಅಜ್ಜಿಯ ಕೈಯಲ್ಲಿಟ್ಟೆ.

“ನೀವು ಬಂದ್ರಲ್ಲ ಅಯ್ಯನೋರ, ಇನ್ನ ನನಗೇನು ಚಿಂತಿಲ್ಲ.”

ತಡೆಯಲಾಗಲಿಲ್ಲ. ಬಂದುಬಿಟ್ಟೆ. ಕಾಳು ಇಲ್ಲಿ ಮಠದ ಕಟ್ಟೆಯ ಮೇಲೆ ಸುರಿದು, ಯಾರಾದರೂ ನೋಡಿದರೋ ಅಂತ ನೋಡಿದೆ.

೨೦ ಅಕ್ಟೋಬರ್

ಬಸಲಿಂಗಯ್ಯನವರಿಗೆ ಹೇಗೋ ತಿಳಿದಿದೆ.

“ಶರಣ್ರಿ ಅಯ್ಯನೋರ. ನಾ ಹುಟ್ಟಾ ಅಯ್ಯ ಅದೇನಿ. ಕೋಟು ಹಾಕಿದಾಗಿಂದ ನನಗ ಒಬ್ಬರೂ ಒಂದು ಹಿಡಿ ಅಕ್ಕಿ ಹಾಕಿಲ್ಲ. ನೀ ಒಂದ ದಿನದಾಗ ಜೋಳಿಗಿ ತುಂಬಿಸಿಕೊಂಡು ಬಂದಿ.”

ಮುಖ ಬೆಂಕಿಯಾಯಿತು. ಆಮೇಲೆ ಮೆಲ್ಲಗೆ, “ಗುಳಿಗಿ ನುಂಗಿದ್ರ?” ಅಂತ ಕೇಳಿದರು.

“ಎಲ್ಲಾರೂ ತಗೊಂಡ್ರಿ.”

“ಹಂಗಾದ್ರ ಇರಲಿ ಬಿಡು. ಜ್ವರ ಬಿಟ್ಟಮ್ಯಾಲೆ ಬೈಸಿಕೊಳ್ಳೂಣು.”

ತಗೊಂಡರು ಅಂದೆ. ನುಂಗಿದ್ದು ನೋಡಿಲ್ಲ.

೨೬ ಅಕ್ಟೋಬರ್, ಬುಧವಾರ. ಸಂಜೆ

ಮಲಗಬೇಕು. ಆದರೂ ಬರೆಯುತ್ತೇನೆ.

ಕಾಶೆವ್ವ ಬಾಗಿಲಲ್ಲೇ ಕಾಲಿಗೆ ಬಿದ್ದಳು. ತಾಯವ್ವ ಕಂಬಳಿಯಿಂದ ತಲೆ ಎತ್ತಲಿಲ್ಲ. ತುಟಿ ಒಡೆದಿತ್ತು. ಕಣ್ಣ ಒಳಗಿನ ಕೆಂಪು ಸುಣ್ಣದಂತೆ ಬಿಳಿ. ಹೋದ ವಾರಕ್ಕಿಂತ ಅರ್ಧವಾಗಿದ್ದಳು.

“ಗುಳಿಗಿ ಕೊಟ್ರೇನಬೇ?”

“ಎಲ್ಲಿ ಕೊಡಲ್ರಿ, ಜಗಲಿ ಮ್ಯಾಲೆ ಇಟ್ಟೇನಿ. ದಿನಾ ಪತ್ರಿ ಏರಸ್ತೇನಿ.”

ನೋಡಿದೆ. ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ, ಮೂರು ಗುಳಿಗೆ. ಮೇಲೆ ಬಿಲ್ವಪತ್ರೆ. ಅಯ್ಯನವರು ಕೈಯಾರೆ ಕೊಟ್ಟದ್ದು, ಎಂಜಲು ಮಾಡುವುದು ಹೇಗೆ ಅಂತ ಇಟ್ಟಿದ್ದಳು. ಕೂಸಿಗೆ ದಿನಾ ಅವುಗಳ ಮುಂದೆ ಕೈ ಮುಗಿಸುತ್ತಿದ್ದಳು.

ಓಡಿಹೋಗಬೇಕು ಅನಿಸಿತು. ಕಾಲು ಬಾಗಿಲ ಕಡೆಗೇ ತಿರುಗಿದ್ದವು. ಆ ಕೂಸು ನರಳಿತು.

“ನಾ ಅಯ್ಯ ಅಲ್ಲಬೇ.”

“ಏನಂದ್ರಿ?”

“ನಾ ಅಯ್ಯ ಅಲ್ಲ. ಹಳ್ಯಾಳ ದವಾಖಾನಿ ಆಳು. ಒಕ್ಕಲಿಗರಾವ. ಚೀಲ ಹಗೂರ ಇರಲಿ ಅಂತ ಇದನ್ನ ಹಾಕ್ಕೊಂಡೇನಿ. ಅದು ಪ್ರಸಾದ ಅಲ್ಲ, ಔಷಧ. ಈಗ ಕೊಡ್ರಿ.”

ಇಷ್ಟು ಮಾತು ಒಟ್ಟಿಗೆ ಯಾರ ಮುಂದೂ ಆಡಿದ್ದಿಲ್ಲ. ಮುದುಕಿ ಮುಖ ತಿರುಗಿಸಿದಳು. ಬಯ್ದರೆ ವಾಸಿಯಿತ್ತು. ಜಗಲಿಯಿಂದ ಒಂದು ಗುಳಿಗೆ ತೆಗೆದಳು. ವಿಭೂತಿಯನ್ನು ಸೆರಗಿನಿಂದ ಒರೆಸಿದಳು. ಮೊಮ್ಮಗಳ ಮೂಗು ಹಿಡಿದು ಬಾಯಿಗೆ ಹಾಕಿ ನೀರು ಬಿಟ್ಟಳು. ಕೂಸು ಒದ್ದಿತು, ಉಗುಳಲು ನೋಡಿತು. ಬಾಯಿ ಒತ್ತಿಹಿಡಿದು ನುಂಗಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಎಷ್ಟು ಸಲ ನಿನ್ನ ಕಾಲಿಗೆ ಬಿದ್ದೇನಿ?”

“ಮೂರು ಸಲ…”

“ನಿನ್ನ ಅವ್ವಗಿಂತ ಹಿರ್ಯಾಕಿ ನಾ. ತಿರುಗಿ ಬೀಳು, ಖೋಡಿ. ಮೂರೂ ಸಲ.”

ಬಿದ್ದೆ. ಗಡ್ಡೆ ಒತ್ತಿಕೊಂಡು ಎರಡನೇ ಸಲ ಏಳಲಾಗಲಿಲ್ಲ. ತೋಳು ಹಿಡಿದು ಅವಳೇ ಎಬ್ಬಿಸಿದಳು. ಪಕ್ಕೆ ಮುಟ್ಟಿ ನೋಡಿದಳು.

“ನಿನಗೂ ಐತೇನೋ ಇದು. ಮತ್ಯಾಕ ಭಾರ ಹೊತ್ತು ತಿರಗ್ತಿ?”

“ಹಗೂರ ಚೀಲ ಸಿಗವಲ್ದಬೇ.”

“ಮೊದಲ ಆ ಜೋಳಿಗಿ ತಗಿ.” ಹಳೇ ಸೀರೆ ಹರಿದು ಗುಳಿಗೆ, ನೀರಿನ ಬಾಟಲಿ, ರೊಟ್ಟಿ ಎಲ್ಲ ಒಂದು ಗಂಟು ಮಾಡಿದಳು. ಹೊಲಕ್ಕೆ ಹೋಗುವ ಹೆಂಗಸರು ಕೂಸನ್ನು ಕಟ್ಟಿಕೊಳ್ಳುತ್ತಾರಲ್ಲ, ಹಾಗೆ ನನ್ನ ಬೆನ್ನ ಕೆಳಗೆ ಬಿಗಿದಳು. ಎದೆಯ ಮೇಲೊಂದು ಗಂಟು, ಸೊಂಟಕ್ಕೊಂದು. “ಭಾರ ಟೊಂಕದ ಮ್ಯಾಲೆ ಕುಂದರಬೇಕು. ಮೂರು ಹಡದೇನಿ, ಮೂರನ್ನೂ ಹಿಂಗ ಹೊತ್ತೇನಿ.”

ಪಕ್ಕೆಗೆ ಏನೂ ತಾಗಲಿಲ್ಲ.

ಬರುವಾಗ ನಾಲ್ಕೂ ಊರಲ್ಲಿ ಮನೆಮನೆಗೆ ನಿಂತೆ. ಬಹಳ ಮನೆಯಲ್ಲಿ ಜಗಲಿಯ ಮೇಲೇ ಇದ್ದವು. ಪ್ರತಿ ಮನೆಯಲ್ಲೂ ಅದೇ ಮಾತು ಹೇಳಿದೆ. ಕೆಲವರು ಬಯ್ದರು. ಮೊದಲನೇ ಊರಿನ ಮುದುಕ ಎದ್ದು ಒಳಗೆ ಹೋದ. ಎದುರಿಗೆ ನಿಂತು ನುಂಗಿಸಿ ಬಂದೆ. ಗಂಟಲು ಒಣಗಿದೆ.

೨೭ ಅಕ್ಟೋಬರ್

ಚಳಿ ಬಂತು. ನಾನೂ ಎರಡು ನುಂಗಿದೆ. ಕಹಿ.

೩೦ ಅಕ್ಟೋಬರ್

ಎದ್ದು ಕೂತೆ. ಬಸಲಿಂಗಯ್ಯನವರು ಬಂದಿದ್ದರು. ಮಾವಿನಕೊಪ್ಪವನ್ನು ಉಳಿಸಿಕೊಳ್ಳುವ ಮಾತು ಡಾಕ್ಟರ ಕಿವಿಗೆ ಹಾಕಿದ್ದಾರಂತೆ. “ಈ ಬುಧವಾರ ಬಿಡು,” ಅಂದರು. ತಲೆಯಾಡಿಸಿದೆ. ಬಿಡುವುದಿಲ್ಲ. ಕಾಶೆವ್ವನ ಹತ್ತಿರ ಉಳಿದದ್ದು ಎರಡೇ ಗುಳಿಗೆ. ಆ ಕೂಸಿಗೆ ಸಾಲುವುದಿಲ್ಲ. ಕೂಸು ಇದ್ದರೆ.

೨ ನವೆಂಬರ್, ಬುಧವಾರ. ಮಾವಿನಕೊಪ್ಪ. ಬಿಸಿಲು ಇನ್ನೂ ಇದೆ

ಬೆನ್ನಿಗೆ ಸೀರೆಯ ಗಂಟು. ಊರೂರಿನ ಬಾವಿಕಟ್ಟೆಯಲ್ಲೂ ಹೆಂಗಸರು ನಕ್ಕರು. “ಗಂಡೋ ಹೆಣ್ಣೋ?” “ಎಷ್ಟು ತಿಂಗಳದ್ದು ತಮ್ಮಾ?” ನೆಲ ನೋಡುತ್ತಲೇ ಗುಳಿಗೆ ಕೊಟ್ಟೆ. ನಗುತ್ತಲೇ ನುಂಗಿದರು. ಯಾರೂ ಕಾಲಿಗೆ ಬೀಳಲಿಲ್ಲ. ಯಾರೂ ಬಾಗಿಲು ಹಾಕಲಿಲ್ಲ.

ಏರಿನಲ್ಲಿ ಬಹಳ ಸಲ ಕೂತೆ. ಚೀಲದಿಂದಲ್ಲ. ಮೇಲೆ ಏನು ಕಾದಿದೆಯೋ ಅಂತ.

ಅಂಗಳದಲ್ಲಿ ಕೂಸು ಕೂತಿತ್ತು. ಕಂಬಳಿ ಇಲ್ಲ. ಹುಣಸೆಬೀಜ ಸಾಲಾಗಿ ಇಡುತ್ತಿತ್ತು. ನನ್ನನ್ನು ಕಂಡಿತು. ಬೆನ್ನ ಗಂಟು ಕಂಡಿತು. ಎದ್ದು ಒಳಗೆ ಓಡಿ ಬಾಗಿಲು ಹಾಕಿ ಅಗಳಿ ಜಡಿಯಿತು. ಓಡಿತು — ತಾನೇ ಎದ್ದು.

ಕಾಶೆವ್ವ ಹಿತ್ತಿಲಿಂದ ಬಂದು ಬಾಗಿಲು ಬಡಿಯುತ್ತಿದ್ದಾಳೆ. “ತಗಿಯಬೇ ತಾಯವ್ವ, ಮಾಮಾ ಬಂದಾನ.”

ಒಳಗಿಂದ, “ಒಲ್ಲೆ. ಮಾಮಾ ಕಹಿ.”

ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಬಹಳ ದಣಿವಾಗಿದೆ. ಗುಳಿಗೆ ಎಡಗೈಯಲ್ಲೇ ಇದೆ, ಬೆವರಿಗೆ ಮೆತ್ತಗಾಗಿ ಬೆರಳಿಗೆ ಹತ್ತುತ್ತಿದೆ. ಅಗಳಿ ಸರಿದ ಸದ್ದು. ಇನ್ನೇನು ಬಾಗಿಲು —