ಮೌನಸಂಘದ ಮೊದಲ ನಿಯಮ

ಫೆಬ್ರವರಿ ೩. ಬೆಳಿಗ್ಗೆ.

ಮಹಡಿ ಕೋಣೆ ಮತ್ತೆ ಗುಡಿಸಿದೆ. ನಿನ್ನೆಯೂ ಗುಡಿಸಿದ್ದೆ — ಯಾರೂ ಕಾಲಿಡದ ಕೋಣೆಗೆ ಧೂಳು ಎಲ್ಲಿಂದ ಬರುತ್ತದೋ. ಚಾಪೆ ಹಾಸಿ, ತೆಗೆದು, ಮತ್ತೆ ಹಾಸಿದೆ. ಮಗಳು ಕೆಳಗಿನ ಹೊಲಿಗೆ ಅಂಗಡಿಯಿಂದಲೇ ಕೂಗಿದಳು: "ಅಪ್ಪಾ, ದೇವರು ಬರೋಕೆ ಮುಂಚೆ ನೆಲ ಸವೆದುಹೋಗುತ್ತೆ!"

ಅವಳೊಂದಿಗೆ ಒಪ್ಪಂದ ಆಗಿದೆ. ಈ ತಿಂಗಳು ಕೋಣೆ ನನ್ನದು. ನನ್ನ ಮೌನಸಂಘಕ್ಕೆ ಜನ ನಿಂತರೆ ಕೋಣೆ ಕಾಯಂ ಸಂಘದ್ದು. ಇಲ್ಲವಾದರೆ ಒಂದನೇ ತಾರೀಕು ಅವಳ ಹೊಸ ಮೆಷಿನ್‌ಗಳು ಬಂದು ಕೂರುತ್ತವೆ.

ಅದೇ ದಿನ, ಸಂಜೆ.

ಭಾಮೈದ ಬಂದಿದ್ದ. "ಭಾವ, ಇಡೀ ಸರ್ವಿಸು ಬಸ್ ಸ್ಟ್ಯಾಂಡಲ್ಲಿ ಮೈಕು ಹಿಡ್ಕೊಂಡು, ಬಂತು ಹೊರಟಿತು ಅಂತ ಅರಚಿದೋರು ನೀವು. ನೀವು ಮೌನದ ಧರ್ಮ ಶುರು ಮಾಡೋದು ಅಂದ್ರೆ ಬೆಕ್ಕನ್ನ ಹಾಲಿಗೆ ಕಾವಲಿಟ್ಟ ಹಾಗೆ!"

ನಗಲಿ. ತನ್ನ ಅಕ್ಕನ ಕೊನೆಯ ದಿನಗಳನ್ನು ಅವನೇನು ಬಲ್ಲ. ಅವಳಿಗೆ ಮಾತು ಬಿದ್ದುಹೋಗಿತ್ತು. ಮಂಚದ ಪಕ್ಕ ಕೂತು ಕೂತು ನನ್ನ ಮಾತೂ ಮುಗಿದಿತ್ತು. ಒಂದು ಮಧ್ಯಾಹ್ನ — ಮೂರನೆಯವರು ಯಾರೋ ಬಂದು ಕೂತ ಹಾಗಾಯಿತು. ಅವಳೂ ಬಾಗಿಲ ಕಡೆ ನೋಡಿದಳು. ಹೆದರಿಕೆಯಿರಲಿಲ್ಲ. ಪ್ರೆಸೆನ್ಸ್, ಅಂದರೆ ಸಾನ್ನಿಧ್ಯ... ಕಾಲೇಜಿನ ಇಂಗ್ಲಿಷು. ಆಗ ಅದು ಅಟೆಂಡೆನ್ಸಿಗೆ ಸಂಬಂಧಪಟ್ಟ ಶಬ್ದ ಎಂದುಕೊಂಡಿದ್ದೆ.

ಒಬ್ಬನೇ ಕೂತರೆ ಅದು ಬರುವುದಿಲ್ಲ. ಕೂತು ನೋಡಿದ್ದೇನೆ. ಜನ ಬೇಕು. ಮೂರ್ತಿ ಬೇಡ, ಗ್ರಂಥ ಬೇಡ, ಪೂಜಾರಿ ಬೇಡ. ಒಟ್ಟಿಗೆ ಸುಮ್ಮನೆ ಕೂರುವ ಜನ. ಮುಂದೆ ಒಂದೇ ಸೂರಿನಡಿ ಬಾಳುವ ಜನ, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಎದ್ದು ನೋಡುವ ಜನ...

ಫೆಬ್ರವರಿ ೮.

ಮೊದಲ ಸಭೆ. ನರ್ಸಮ್ಮ ಬಂದರು — ನನ್ನವಳನ್ನು ಕೊನೆತನಕ ನೋಡಿಕೊಂಡವರು. ಬೀದಿ ಕೊನೆಯ ಕ್ಷೌರಿಕ ಬಂದ. ಭಾಮೈದನೂ, ತಮಾಷೆ ನೋಡಲು. ಅಕ್ಕಪಕ್ಕದವರು ನಾಲ್ಕಾರು ಮಂದಿ. ಮೌನದ ಮಹತ್ವವನ್ನು ಎರಡು ಮಾತಿನಲ್ಲಿ ಹೇಳಿ ಶುರುಮಾಡೋಣವೆಂದು ಎದ್ದು ನಿಂತೆ. ಕೂರುವಷ್ಟರಲ್ಲಿ ಎಲ್ಲರಿಗೂ ಮನೆಗೆ ಹೋಗುವ ಹೊತ್ತಾಗಿತ್ತು.

"ಸ್ವಾಮಿ, ನಮ್ಮ ಅಂಗಡೀಲಿ ಇದಕ್ಕಿಂತ ಕಡಿಮೆ ಮಾತು," ಎಂದ ಕ್ಷೌರಿಕ, ಮೆಟ್ಟಿಲಿಳಿಯುತ್ತಾ.

"ಮುಂದಿನ ಸಲ ಬಾಯಿಗೆ ಪ್ಲಾಸ್ಟರ್ ತರ್ತೀನಿ," ಎಂದರು ನರ್ಸಮ್ಮ. ಬರುತ್ತಾರಂತೆ, ಅಂದರೆ!

ಫೆಬ್ರವರಿ ೯.

ಸಂಸ್ಥೆ ಎಂದ ಮೇಲೆ ನಿಯಮ ಬೇಕು. ಕಪ್ಪು ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದೆ: ಮೌನ ಮುರಿದವರು ಒಂದು ತಿಂಗಳು ಒಳಗೆ ಬರುವಂತಿಲ್ಲ. ಯಾರಿಗೂ ವಿನಾಯಿತಿಯಿಲ್ಲ.

ಭಾಮೈದನನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದದ್ದು.

ಫೆಬ್ರವರಿ ೧೫.

ಕೂತೆವು. ಗಂಟಲಲ್ಲಿ ಮಾತು ಬಂದು ಬಂದು ಬಾಗಿಲು ತಟ್ಟಿತು. ತೆಗೆಯಲಿಲ್ಲ. ಭಾಮೈದ ನಿದ್ದೆ ಹೋದ. ಗೊರಕೆ ಮಾತಲ್ಲವಂತೆ — ನರ್ಸಮ್ಮನ ತೀರ್ಪು.

ಫೆಬ್ರವರಿ ೨೨. ಸಂಜೆ.

ಹೇಗೆ ಬರೆಯಲಿ.

ಕೆಳಗೆ ಹೊಲಿಗೆ ಸದ್ದು ನಿಂತಿತು. ಬೀದಿಯೂ ನಿಂತ ಹಾಗೆ. ಕ್ಷೌರಿಕನ ಬೆರಳು ಸುಮ್ಮನಿದ್ದಾಗಲೂ ಕತ್ತರಿ ಆಡಿಸುತ್ತಿರುತ್ತವೆ — ಅವೂ ನಿಂತವು. ಆಗ... ಅದೇ. ಆ ಮಧ್ಯಾಹ್ನದ್ದೇ. ಎಲ್ಲರೂ ಒಟ್ಟಿಗೆ ತಲೆಯೆತ್ತಿದರು. ನನಗೊಬ್ಬನಿಗೆ ಅನ್ನಿಸಿದ್ದಲ್ಲ!

ಹುಟ್ಟುಗುಣ ಸುಟ್ಟರೂ ಹೋಗದು. ಬಂದದ್ದನ್ನು ಬಂತು ಎಂದು ಸಾರುವುದೇ ಜೀವಮಾನದ ಕೆಲಸವಾಗಿತ್ತಲ್ಲ. ಎದ್ದು ನಿಂತೆ, ಗಟ್ಟಿ ದನಿಯಲ್ಲಿ: "ದಯವಿಟ್ಟು ಗಮನಿಸಿ! ಬಂದಿದೆ!"

ಹೋಯಿತು.

ನರ್ಸಮ್ಮ ಹಲಗೆಯ ಕಡೆ ಬೆರಳು ತೋರಿಸಿದರು. ಅಷ್ಟೇ. ಭಾಮೈದ ನಗುತ್ತಾನೆಂದುಕೊಂಡೆ. ಅವನ ಕಣ್ಣು ಒದ್ದೆಯಾಗಿತ್ತು.

ಫೆಬ್ರವರಿ ೨೩.

"ನಿನ್ನ ಸಂಘ, ನಿನ್ನ ಹಲಗೆ. ಒರೆಸಿಬಿಡಪ್ಪಾ, ಯಾರು ಕೇಳ್ತಾರೆ?" ಮಗಳು.

ಬಟ್ಟೆ ಹಿಡಿದು ನಿಂತೇ ಇದ್ದೆ. ಒರೆಸಿದರೆ ನಾನು ಒಳಗೆ, ಸಂಘ ಅಲ್ಲಿಗೆ ಮುಗಿಯಿತು. ಬಿಟ್ಟರೆ — ನಾನಿಲ್ಲದೆ ಯಾರು ಬರುತ್ತಾರೆ? ಸ್ಥಾಪಕನಿಗೆ ಇಂಗ್ಲಿಷಿನಲ್ಲಿ ಫೌಂಡರ್; ಆ ಶಬ್ದಕ್ಕೆ ಹಡಗು ಮುಳುಗುವುದು ಎಂಬ ಅರ್ಥವೂ ಇದೆ ಎಂದು ಇಂಗ್ಲಿಷ್ ಮೇಷ್ಟ್ರು ಹೇಳಿದ ನೆನಪು.

ಕೋಣೆಯ ಬೀಗದ ಕೈಯನ್ನು ನರ್ಸಮ್ಮನಿಗೆ ಕೊಟ್ಟು ಬಂದೆ.

ಮಾರ್ಚ್ ೧. ಸಂಜೆ. ಮಹಡಿ ಮೆಟ್ಟಿಲ ಮೇಲೆ.

ಬಂದಿದ್ದಾರೆ. ಬಾಗಿಲ ಮುಂದೆ ಚಪ್ಪಲಿ ಹೋದ ವಾರಕ್ಕಿಂತ ಹೆಚ್ಚು. ಭಾಮೈದ ಹೆಂಡತಿಯನ್ನೂ ಕರೆತಂದಿದ್ದಾನೆ. ಒಳಗೆ ಹೋಗುವಾಗ ನನ್ನ ಹೆಗಲು ಮುಟ್ಟಿದ. ನಾನಿಲ್ಲದೆಯೂ ನಡೆಯುತ್ತದೆ. ಖುಷಿಯಾಗಬೇಕು. ಆಗಿದೆ ಕೂಡ. ಆದರೂ ಬಾಗಿಲು ಮುಚ್ಚಿದಾಗ ಒಂದು ಮೆಟ್ಟಿಲು ಮೇಲೆ ಸರಿದು ಕೂತೆ.

ಮೆಷಿನ್‌ಗಳೂ ಬಂದವು. ಗಾಡಿಯವನು ಕೆಳಗಿನಿಂದ, "ಮೇಡಂ, ಮೇಲಕ್ಕಾ?" ಎಂದ. ಮಗಳ ಬಾಯಿ ತುಂಬ ಗುಂಡುಪಿನ್ನು, ಕೊರಳಲ್ಲಿ ಟೇಪು. ತಲೆಯೆತ್ತಿ ಚಪ್ಪಲಿಗಳನ್ನು ನೋಡಿದಳು. ನನ್ನನ್ನು ನೋಡಿದಳು. ಕೈಯಲ್ಲೇ ಅಂಗಡಿ ಮೂಲೆ ತೋರಿಸಿದಳು. ಅಲ್ಲಿ ಕಾಲಿಡಲೂ ಜಾಗವಿಲ್ಲ.

ಆಮೇಲೆ ಮೇಲೆ ಹತ್ತಿ ಬಂದು ನನ್ನ ಪಕ್ಕ ಕೂತಳು. ಪಿನ್ನುಗಳನ್ನು ಒಂದೊಂದಾಗಿ ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಂಡಳು. ಈಗ ಬೈಯುತ್ತಾಳೆ ಎಂದುಕೊಂಡೆ. ಇಲ್ಲ. ಹಾಗೇ ಕೂತಿದ್ದಾಳೆ. ಕೆಳಗೆ ಬೀದಿ ಮತ್ತೆ ನಿಂತ ಹಾಗಿದೆ. ನನಗೂ ಹೇಳಬೇಕಾದ್ದು ಏನೂ ತೋಚುತ್ತಿಲ್ಲ. ಈ ಪೆನ್ನಿನ ಸದ್ದು ಕೂಡ ಈಗ