ತೋಳಿನ ಹಿಂಭಾಗ

ಮಾನ್ಯ ಅಧ್ಯಕ್ಷರೇ, ಮಹಾಜನಗಳೇ, ಈ ಸಭೆಗೆ ಇನ್ನೆಂದೂ ಬಾರದ ಅಕ್ಕಾ,

ನನ್ನ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರದ ಕಾಯಿಲೆಯ ಇಂದಿನ ವರದಿ ಒಪ್ಪಿಸುತ್ತಿದ್ದೇನೆ. ವಾರಕ್ಕೆ ಮೂರು ಸೂಜಿ, ಇದರಲ್ಲಿಲ್ಲ ರಾಜಿ ಎಂದು ನಾನು ಪ್ರಾಸ ಕಟ್ಟುತ್ತಿದ್ದೆ, ಒಂಬತ್ತು ವರ್ಷ ನೀನು ಚುಚ್ಚುತ್ತಿದ್ದೆ. ಯಾವ ದಿನ ಮೈಯ ಯಾವ ಜಾಗಕ್ಕೆ ಚುಚ್ಚಿದ್ದು ಎಂದು ಬರೆದಿಡುವ ಹಾಳೆಯನ್ನು ಇವತ್ತು ಆಸ್ಪತ್ರೆಯಲ್ಲಿ ನರ್ಸಮ್ಮ ಕೇಳಿದರು. ಕೊಟ್ಟೆ.

“ಎಡತೋಳಿನ ಹಿಂಭಾಗ, ಬಲತೋಳಿನ ಹಿಂಭಾಗ... ಅಲ್ರೀ, ಅಲ್ಲಿಗೆಲ್ಲ ನಿಮ್ಮ ಕೈ ಹೇಗೆ ಹೋಗತ್ತೆ?”

“ಅಕ್ಕ ಚುಚ್ತಾಳೆ” ಎಂದುಬಿಟ್ಟೆ.

“ತಪ್ಪದೆ ಕೊಡ್ತಿದ್ರೆ ಕಾಲು ಹೀಗ್ಯಾಕೆ ಎಳೀತಿದೆ? ಈ ಔಷಧಿ ನಾಟ್ತಿಲ್ಲ ಅಂತ ಡಾಕ್ಟರು ಇನ್ನೂ ಜೋರಾದ್ದು ಬರೀತಾರೆ. ಅದು ಹುಡುಗಾಟ ಅಲ್ಲ. ಅಕ್ಕನಿಗೆ ಫೋನ್ ಮಾಡಿ, ನಾನೇ ಕೇಳ್ತೀನಿ.”

ಅವರು ಕೈ ಚಾಚಿಕೊಂಡೇ ನಿಂತಿದ್ದರು. ನಿನ್ನ ನಂಬರನ್ನೇ ಒತ್ತಿದೆ.

“ಸ್ವಿಚ್ ಆಫ್ ಬರ್ತಿದೆ.”

“ಸರಿ, ನಾಳೆ ಅವರನ್ನೇ ಕರ್ಕೊಂಡು ಬನ್ನಿ. ಆಮೇಲೆ ಔಷಧಿ ಬದಲಾಯಿಸೋದು ನೋಡೋಣ.”

ಆಗಲಿ ಎಂದು ತಲೆಯಾಡಿಸಿ ಬಂದೆ.

ಅಕ್ಕಾ, ಆ ಹಾಳೆಯನ್ನು ಇವತ್ತು ಬೆಳಿಗ್ಗೆ, ನೀನು ಬರೆದ ಹಳೆಯದನ್ನು ಮುಂದಿಟ್ಟುಕೊಂಡು ನಕಲು ಮಾಡಿದೆ. ನೀನು ತೀರಿಕೊಂಡ ಮೇಲೆ, ಈ ನಾಲ್ಕು ತಿಂಗಳಲ್ಲಿ, ನಾನು ಒಂದು ಸೂಜಿಯನ್ನೂ ಚುಚ್ಚಿಕೊಂಡಿಲ್ಲ.