ಚಪ್ಪಲಿ ಬಿಚ್ಚದ ಹುಡುಗಿ, ಹಕ್ಕಿ ಬಿಡದ ಹುಡುಗಿ

ನವೆಂಬರ್ 12, ಬೆಳಿಗ್ಗೆ

ಮಲ್ಲಿಗೆಯ ಹಡಗಲಿಯ ಮಹಾಜನಗಳೇ! ಮೆಲ್ಲಗೆ ಮಾತಾಡಲು ಬಾರದ ಈ ಕನ್ನಡ ಟೀಚರಮ್ಮನ ಉಪನ್ಯಾಸಕ್ಕೆ ಮೈಯೆಲ್ಲ ಕಿವಿಯಾಗಿ. ಶಾಲೆಗೆ ಡ್ರಾಯಿಂಗ್ ಮೇಷ್ಟ್ರಿಲ್ಲ. ಶನಿವಾರ ಇಟಲಿಯ ಐನೂರು ವರ್ಷ ಹಳೆಯ ಚಿತ್ರದ ಬಗ್ಗೆ ನಾನೇ ಹೇಳಬೇಕು. ಧೈರ್ಯಕ್ಕೆ ಕೊರತೆಯಿಲ್ಲ, ಜ್ಞಾನದ ಒರತೆಯಿಲ್ಲ.

ಚಿತ್ರದಲ್ಲಿ ಐದಾರು ವರ್ಷದ ಹುಡುಗಿ. ಕೊರಳಲ್ಲಿ ಹವಳ — ದೃಷ್ಟಿ ತಾಗದಿರಲೆಂದು. ಅಲ್ಲೂ ಅದೇ ಕಥೆ! ಜರಿಯ ಉಡುಪು — ಸಿರಿವಂತಿಕೆ. ಮುಷ್ಟಿಯಲ್ಲಿ ದಾರ, ದಾರದ ತುದಿಗೆ ಹಕ್ಕಿ — ಆತ್ಮದ ಸಂಕೇತ. ಮುಖದಲ್ಲಿ ಗಾಂಭೀರ್ಯ. ಹತ್ತು ನಿಮಿಷದ ಮಾತಿಗೆ ಧಾರಾಳ.

ದುರ್ಗಾ ಇಂದೂ ಚಪ್ಪಲಿ ಬಿಚ್ಚಲಿಲ್ಲ. ಅನಾಥಾಶ್ರಮದಿಂದ ಅವಳನ್ನು ದತ್ತು ತಂದು ಮೂರು ವಾರ. ಮಲಗಿದಾಗಲೂ ಕಾಲಲ್ಲೇ.

"ಹಟಮಾರಿ ಐತಿ ಕೂಸು" ಅಂದರು ಅತ್ತೆ ಪಕ್ಕೀರಮ್ಮ.

"ಅವ್ವನಂಗ" ಅಂದ ಗಂಡ ಭೀಮರಾಜ. ನನ್ನ ಕಡೆ ನೋಡಿ.

ನವೆಂಬರ್ 14, ಸಂಜೆ

ಮನೆಯಲ್ಲೇ ರಿಹರ್ಸಲ್. ಚಿತ್ರ ಗೋಡೆಗೆ. ಅತ್ತೆ ಮುಂದಿನ ಸಾಲು. ದುರ್ಗಾ ಬಾಗಿಲಲ್ಲಿ.

"ಏನ್ ಸಿಂಗಾರ ಮಾಡ್ಯಾರವ್ವ! ಎಲ್ಲಿಗೆ ಹೊಂಟೈತಿ ಇದು?" ಅಂದರು ಅತ್ತೆ.

"ಕಳಿಸಾಕತ್ಯಾರ್ರಿ" ಅಂದಳು ದುರ್ಗಾ. ಬಂದಾಗಿನಿಂದ ಮೊದಲ ಸಲ ಅವಳಾಗಿಯೇ ಬಾಯಿಬಿಟ್ಟದ್ದು. "ಹೊಸಾ ಅರಿವಿ ಹಾಕಿ, ಉಡಿ ತುಂಬಿ ಕಳಿಸ್ತಾರ್ರಿ. ನನಗೂ ತುಂಬೀರಲ್ರಿ. ಯಾವಾಗ ಕಳಿಸ್ತೀರಿ?"

ಕರೆತಂದ ದಿನ ಓಣಿಯ ಹೆಂಗಸರೆಲ್ಲ ಸೇರಿ ಅವಳ ಉಡಿಗೆ ಅಕ್ಕಿ, ಕೊಬ್ಬರಿ ತುಂಬಿದ್ದೆವು. ನಮಗೆ ಅದು ಸ್ವಾಗತ. ಆಶ್ರಮದಲ್ಲಿ ಹೊರಡುವ ಹುಡುಗಿಗೆ ಮಾತ್ರ ಉಡಿ. ನಮ್ಮಲ್ಲೂ ತವರಿಂದ ಮಗಳನ್ನು ಕಳಿಸುವಾಗ ಅದೇ ಅಕ್ಕಿ... ಒಬ್ಬರಿಗೂ ಹೊಳೆದಿರಲಿಲ್ಲ. ಅಕ್ಕಿಯ ಗಂಟು ಇನ್ನೂ ಅವಳ ದಿಂಬಿನಡಿ.

ನವೆಂಬರ್ 15

ಉಪನ್ಯಾಸದಲ್ಲಿ ಗಾಂಭೀರ್ಯದ ಮಾತು ಕೈಬಿಟ್ಟೆ. "ಈ ಮಗು ಹೊರಡಲು ಕಾಯುತ್ತಿದೆ. ಒಂದಾದರೂ ತನ್ನದು ಜೊತೆಗಿರಲಿ ಅಂತ ಹಕ್ಕಿಯ ದಾರ ಬಿಗಿ ಹಿಡಿದಿದೆ" ಅಂದೆ. ಜೋರು ಚಪ್ಪಾಳೆ. ಹೆಡ್ ಮೇಷ್ಟ್ರು ಮುಂದಿನ ತಿಂಗಳಿಗೂ ನನ್ನನ್ನೇ ಗೊತ್ತು ಮಾಡಿದರು.

ನವೆಂಬರ್ 18

ದಾರಿ ಅತ್ತೆಗೆ ಹೊಳೆಯಿತು. "ಆ ಅಕ್ಕಿ ಕೊಡವ್ವ. ಅನ್ನ ಮಾಡಿ ಇಲ್ಲೇ ಉಂಡುಬಿಡೂಣು. ಬುತ್ತೀನ ಖಾಲಿ ಆದಮ್ಯಾಲೆ ಯಾವ ಊರಿಗೆ ಹೋಗ್ತೀ?"

ದುರ್ಗಾ ಒಳಗೆ ಹೋಗಿ ದಿಂಬೆತ್ತಿದಳು. ಗಂಟು ಕೊಟ್ಟಳು. ಎರಡು ಸಲ ಅನ್ನ ಹಾಕಿಸಿಕೊಂಡಳು. ಚಪ್ಪಲಿ ಮಾತ್ರ ಕಾಲಲ್ಲೇ.

ನವೆಂಬರ್ 19, ಸಂಜೆ

ಶಾಲೆಯಿಂದ ಬಂದೆ. ದಿನಾ ಒಳಗಿಂದ ಕೇಳುವ ಟಪಟಪ ಇಲ್ಲ. ಹೋಗೇಬಿಟ್ಟಳೇ ಅಂದುಕೊಂಡೆ. ಕೆಳಗೆ ನೋಡಿದೆ. ಹೊಸ್ತಿಲ ಹೊರಗೆ, ಅತ್ತೆಯ ಚಪ್ಪಲಿ ಪಕ್ಕದಲ್ಲಿ, ಪುಟ್ಟ ಜೋಡಿ.

ಮಹಾಜನಗಳೇ —

ಬೇಡ. ಈ ಡೈರಿಯಲ್ಲಿ ಕೇಳುವ ಮಹಾಜನ ಯಾರೂ ಇಲ್ಲ. ಧೈರ್ಯಕ್ಕೆ ಕೊರತೆಯಿಲ್ಲ ಅಂದದ್ದು ಸುಳ್ಳು. ದಾರ ಬಿಗಿ ಹಿಡಿದು ನಿಂತವಳು ನಾನೇ. ಅವಳು ಹೋಗಿಬಿಟ್ಟರೆ ನಾನು ಹೇಗಿರಲಿ ಅನ್ನುವ ಹೆದರಿಕೆಯಿಂದ.